ಮುಖದ ಮರುನಿರ್ಮಾಣ: ಸುಶ್ರುತರಿಂದ ಇಂದಿನ ಶಸ್ತ್ರಚಿಕಿತ್ಸೆಯವರೆಗೆ



ದೇಹದ ಯಾವ ಅಂಗಕ್ಕೆ ಊನವಾದರೂ ಅದು ನೋವೇ. ಮುಖಕ್ಕೆ ಊನವಾದಾಗ ಮಾತ್ರ ನೋವಿನ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಕೈಯ ಕಲೆಯನ್ನು ಅಂಗಿಯ ತೋಳು ಮುಚ್ಚುತ್ತದೆ, ಕಾಲಿನ ಕಲೆಯನ್ನು ಧೋತರ ಮರೆಸುತ್ತದೆ. ಮುಖ ಮುಚ್ಚಿಕೊಂಡವರು ಮನುಷ್ಯರ ನಡುವಿನಿಂದಲೇ ಮರೆಯಾಗಬೇಕಾಗುತ್ತದೆ. ಮುಖ ತೋರಿಸಲಾಗದು, ಮುಖಭಂಗವಾಯಿತು, ಮೂಗು ಕೊಯ್ದಂತಾಯಿತು ಎಂಬ ನಮ್ಮ ನುಡಿಗಟ್ಟುಗಳೇ ಮಾನಕ್ಕೂ ಮುಖಕ್ಕೂ ಇರುವ ನಂಟನ್ನು ಹೇಳುತ್ತವೆ.

ಹುಟ್ಟಿನಿಂದ ಬಂದ ಸೀಳುತುಟಿ, ವಾಹನ ಅಪಘಾತ, ಬೆಂಕಿ, ಆಮ್ಲ, ನಾಯಿಯ ಕಡಿತ, ಬಾಯಿಯ ಕ್ಯಾನ್ಸರ್ ಮುಂತಾದ ಕಾರಣಗಳಿಂದ ಮುಖ ಕೆಟ್ಟವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರಲ್ಲಿ ಹಲವರು ಜಾತ್ರೆಗೆ ಬರುವುದಿಲ್ಲ, ದಾಸೋಹದ ಪಂಕ್ತಿಯಲ್ಲಿ ಕೂಡುವುದಿಲ್ಲ, ಮದುವೆಮನೆಯ ಹಿಂಬಾಗಿಲಿನಲ್ಲಿ ನಿಂತು ಹೊರಟುಹೋಗುತ್ತಾರೆ. ಇದಕ್ಕೆ ಚಿಕಿತ್ಸೆಯುಂಟೆಂಬ ಸಂಗತಿಯೇ ಅವರಿಗೆ ಯಾರೂ ತಿಳಿಸಿರುವುದಿಲ್ಲ. ಆದ್ದರಿಂದ ಮುಖವನ್ನು ಮರಳಿ ಕಟ್ಟುವ ಶಸ್ತ್ರಚಿಕಿತ್ಸೆಯ ಮುಖ್ಯ ವಿಧಾನಗಳನ್ನು ಈ ಲೇಖನದಲ್ಲಿ ಸರಳವಾಗಿ ವಿವರಿಸಲಾಗಿದೆ.

ಸುಶ್ರುತ ಸಂಹಿತೆಯ ನಾಸಾಸಂಧಾನ

ಪ್ರಾಚೀನ ಭಾರತದಲ್ಲಿ ಮೂಗು ಕೊಯ್ಯುವುದು ಒಂದು ಶಿಕ್ಷೆಯಾಗಿತ್ತು. ಯುದ್ಧದಲ್ಲಿಯೂ ಮೂಗು, ಕಿವಿ, ತುಟಿಗಳು ಕತ್ತರಿಸಿ ಹೋಗುತ್ತಿದ್ದವು. ಕಿವಿಯ ಹಾಲೆಯನ್ನು ಚುಚ್ಚಿ ದೊಡ್ಡದು ಮಾಡುವ ರೂಢಿಯಿಂದ ಹಾಲೆ ಹರಿಯುವುದೂ ಇತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಈ ವಿಷಯಕ್ಕೆ ಮೀಸಲಾಗಿದೆ. ಅಲ್ಲಿ ಹರಿದ ಕಿವಿಯನ್ನು ಜೋಡಿಸುವ 15 ಕ್ರಮಗಳನ್ನು ಹೇಳಿ, ಬಳಿಕ ಮೂಗನ್ನೂ ತುಟಿಯನ್ನೂ ಜೋಡಿಸುವ ವಿಧಿಯನ್ನು ಕೊಡಲಾಗಿದೆ.

ಆ ವಿಧಿ ಹೀಗಿದೆ: ಕಳೆದುಹೋದ ಮೂಗಿನ ಅಳತೆಗೆ ಸರಿಯಾಗಿ ಒಂದು ಮರದ ಎಲೆಯನ್ನು ಕತ್ತರಿಸಿಕೊಳ್ಳಬೇಕು. ಆ ಅಳತೆಯಂತೆ ಕೆನ್ನೆಯ ಚರ್ಮವನ್ನು ಎಬ್ಬಿಸಬೇಕು. ಬುಡ ಕೆನ್ನೆಗೆ ಅಂಟಿಕೊಂಡಿರುವಂತೆಯೇ ಎಬ್ಬಿಸಬೇಕೆಂದು ವಿದ್ವಾಂಸರು ಅರ್ಥೈಸುತ್ತಾರೆ. ಉಳಿದ ಮೂಗಿನ ಅಂಚನ್ನು ಕೆರೆದು ಹಸಿಮಾಡಿ, ಅದಕ್ಕೆ ಈ ಚರ್ಮವನ್ನು ಕೂಡಿಸಿ ಬಂಧಿಸಬೇಕು. ಉಸಿರಾಟಕ್ಕಾಗಿ ಎರಡು ನಳಿಕೆಗಳನ್ನು ಇಡಬೇಕು. ಮೇಲೆ ಪತಂಗ, ಯಷ್ಟಿಮಧು, ಅಂಜನಗಳ ಚೂರ್ಣವನ್ನು ಉದುರಿಸಿ, ಬಿಳಿಯ ಹತ್ತಿಯಿಂದ ಮುಚ್ಚಿ, ಎಳ್ಳೆಣ್ಣೆಯಿಂದ ಮತ್ತೆ ಮತ್ತೆ ನೆನೆಸಬೇಕು. ಗಾಯ ಕೂಡಿಕೊಂಡ ಮೇಲೆ ಹೆಚ್ಚಾದುದನ್ನು ತೆಗೆಯಬೇಕು, ಕಡಿಮೆಯಾದುದನ್ನು ಬೆಳೆಸಬೇಕು.

ಅಳತೆ, ಹಸಿ ಅಂಚು, ಜೀವಂತ ಚರ್ಮ, ಉಸಿರಿನ ದಾರಿ, ಗಾಯದ ಆರೈಕೆ, ಕೊನೆಯ ತಿದ್ದುಪಡಿ. ಇಂದಿನ ಶಸ್ತ್ರವೈದ್ಯರೂ ಈ ಆರು ಸಂಗತಿಗಳನ್ನೇ ಅನುಸರಿಸುತ್ತಾರೆ. ಇದೇ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ, ಶಿಷ್ಯನು ರೋಗಿಯನ್ನು ಮುಟ್ಟುವ ಮೊದಲು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ ಬಟ್ಟೆ ಹಾಗೂ ಮೃದುವಾದ ಚರ್ಮದ ಮೇಲೆ ಹೊಲಿಯುವುದನ್ನೂ ಅಭ್ಯಾಸ ಮಾಡಬೇಕೆಂದಿದೆ. ಶಾಸ್ತ್ರವನ್ನು ಓದಿದ ಮಾತ್ರಕ್ಕೆ ಶಸ್ತ್ರ ಹಿಡಿಯುವ ಅಧಿಕಾರ ಬರುವುದಿಲ್ಲವೆಂಬ ಎಚ್ಚರ ಅಂದೇ ಇತ್ತು.

ಪುಣೆಯಲ್ಲಿ ನಡೆದ ಚಿಕಿತ್ಸೆ

ಕಾಲಾಂತರದಲ್ಲಿ ಈ ವಿದ್ಯೆ ಪಂಡಿತರ ಗ್ರಂಥಗಳಿಂದ ದೂರ ಸರಿದು ಕೆಲವು ಕುಶಲಕರ್ಮಿಗಳ ಮನೆತನಗಳಲ್ಲಿ ಉಳಿಯಿತು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪತ್ರ ಇದಕ್ಕೆ ಸಾಕ್ಷಿಯಾಗಿದೆ. ಅದು ನಮ್ಮ ನಾಡಿಗೂ ಸಂಬಂಧಿಸಿದ ವೃತ್ತಾಂತ. ಕವಾಸ್‌ಜಿ ಎಂಬ ಮರಾಠಿ ರೈತನು 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತಿನ ಗಾಡಿ ಹೊಡೆಯುವವನಾಗಿದ್ದನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಆ ಪತ್ರ ಹೇಳುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕಾಯಕದ ಒಬ್ಬ ಮನುಷ್ಯನು ಹೊಸ ಮೂಗನ್ನು ಕೂಡಿಸಿದನು.

ಆ ಕುಶಲಕರ್ಮಿ ಮೊದಲು ಮೇಣದ ತೆಳುವಾದ ಬಿಲ್ಲೆಯಿಂದ ಮೂಗಿನ ಆಕಾರ ಮಾಡಿಕೊಂಡನು. ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದನು. ಆ ಗೆರೆಯಂತೆ ಹಣೆಯ ಚರ್ಮವನ್ನು ಎಬ್ಬಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿ ಅಂಟಿಕೊಂಡಿರುವಂತೆ ಬಿಟ್ಟನು. ರಕ್ತ ಹರಿಯುವುದು ಆ ಪಟ್ಟಿಯ ಮೂಲಕವೇ. ಬಳಿಕ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಮೂಗಿನ ಸ್ಥಾನದಲ್ಲಿ ಸೀಳಿದ ಅಂಚಿನೊಳಗೆ ಸೇರಿಸಿದನು. ನಾವು ಎಲೆಯಡಿಕೆಗೆ ಬಳಸುವ ಕಾಚನ್ನು ನೀರಿನಲ್ಲಿ ಕಲಸಿ, ಬಟ್ಟೆಯ ಪಟ್ಟಿಗಳಿಗೆ ಸವರಿ, ಆ ಜೋಡಣೆಯ ಮೇಲೆ ಒಂದರ ಮೇಲೊಂದರಂತೆ ಅಂಟಿಸಿದನು. 4 ದಿನಗಳ ನಂತರ ಅವನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನಿಟ್ಟನು. ಕೆಲವು ವಾರ ಕಳೆದು ಹೊಸ ಜಾಗದಲ್ಲಿ ರಕ್ತಸಂಚಾರ ನೆಲೆಗೊಂಡ ಮೇಲೆ ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸಿದನು.

ಈ ಪತ್ರವನ್ನು ಓದಿದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ಕ್ರಮದಿಂದ ಒಬ್ಬ ಸೈನ್ಯಾಧಿಕಾರಿಗೆ ಮೂಗು ಕಟ್ಟಿದರು. 1816ರಲ್ಲಿ ಅವರು ಬರೆದ ಗ್ರಂಥದಿಂದ ಈ ವಿಧಾನವು ಯುರೋಪಿನಲ್ಲೆಲ್ಲ ಹರಡಿತು. ವೈದ್ಯಕೀಯ ಗ್ರಂಥಗಳು ಇಂದಿಗೂ ಇದನ್ನು ‘ಭಾರತೀಯ ವಿಧಾನ’ವೆಂದೇ ಕರೆಯುತ್ತವೆ. ಪ್ಲಾಸ್ಟಿಕ್ ಸರ್ಜರಿ ಎಂಬ ಹೆಸರನ್ನು ಕೇಳಿ, ಮುಖದಲ್ಲಿ ಪ್ಲಾಸ್ಟಿಕ್ ಇಡುತ್ತಾರೆಂದು ಭಯಪಡುವವರಿದ್ದಾರೆ. ‘ಪ್ಲಾಸ್ಟಿಕ್’ ಎಂಬುದಕ್ಕೆ ಗ್ರೀಕ್ ಮೂಲದಲ್ಲಿ ಮಣ್ಣನ್ನು ತಿದ್ದಿದಂತೆ ರೂಪ ಕೊಡುವುದು ಎಂದರ್ಥ. ಕುಂಬಾರ ಗುಂಡಯ್ಯನವರಂಥ ಶರಣರನ್ನು ನೆನೆಯುವ ನಮಗೆ, ಮಣ್ಣಿನ ಕಾಯಕದ ಕೈಯೊಂದು ಈ ವಿದ್ಯೆಯನ್ನು ಜಗತ್ತಿಗೆ ಉಳಿಸಿಕೊಟ್ಟಿತೆಂಬುದು ಸಂತೋಷದ ಸಂಗತಿ.

ಇಂದಿನ ಮುಖ್ಯ ವಿಧಾನಗಳು

1. ನೇರ ಹೊಲಿಗೆ: ಸೀಳಿದ ಗಾಯದಲ್ಲಿ ಚರ್ಮ ನಷ್ಟವಾಗಿರದಿದ್ದರೆ, ಒಳಗಿನ ಸ್ನಾಯು ಮತ್ತು ಹೊರಗಿನ ಚರ್ಮವನ್ನು ಪದರ ಪದರವಾಗಿ ಹೊಲಿಯುತ್ತಾರೆ. ತುಟಿ ಸೀಳಿದ್ದರೆ ಕೆಂಪು ಭಾಗ ಮತ್ತು ಚರ್ಮ ಕೂಡುವ ಗೆರೆಯನ್ನು ಮೊದಲು ಸರಿಹೊಂದಿಸುತ್ತಾರೆ. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಜೀವಮಾನವಿಡೀ ಕಾಣುತ್ತದೆ. ಮುಖದಲ್ಲಿ ರಕ್ತಸಂಚಾರ ಸಮೃದ್ಧವಾಗಿರುವುದರಿಂದ ಜೋತಾಡುವ ಚೂರು ಕೂಡ ಬದುಕಬಲ್ಲದು. ಅದನ್ನು ಯಾರೂ ಕಿತ್ತೆಸೆಯಬಾರದು.

2. ಚರ್ಮದ ಕಸಿ: ಚರ್ಮವೇ ಹೋಗಿದ್ದರೆ ಬೇರೆಡೆಯಿಂದ ಚರ್ಮ ತೆಗೆದು ಹಾಕಬೇಕು. ಇದು ಮಡಿಯಿಂದ ಕಿತ್ತ ಭತ್ತದ ಸಸಿಯನ್ನು ಗದ್ದೆಯಲ್ಲಿ ನಾಟಿ ಮಾಡಿದಂತೆ. ಕಿತ್ತ ಚರ್ಮಕ್ಕೆ ತನ್ನದೇ ರಕ್ತವಿಲ್ಲ. ಮೊದಲ ಎರಡು ದಿನ ಕೆಳಗಿನ ಗಾಯದ ತೇವವನ್ನು ಹೀರಿ ಬದುಕುತ್ತದೆ, ಆಮೇಲೆ ಹೊಸ ರಕ್ತನಾಳಗಳು ಒಳಹೊಕ್ಕು ಅದು ಬೇರೂರುತ್ತದೆ. ಆ ಅವಧಿಯಲ್ಲಿ ಅದು ಅಲುಗಿದರೆ, ಅಡಿಯಲ್ಲಿ ರಕ್ತ ನಿಂತರೆ, ಕೀವಾದರೆ ಕಸಿ ಸಾಯುತ್ತದೆ. ವಿಶಾಲವಾದ ಸುಟ್ಟಗಾಯಕ್ಕೆ ತೊಡೆಯಿಂದ ತೆಳುಪದರ ತೆಗೆಯುತ್ತಾರೆ. ಮುಖದ ಸಣ್ಣ ಜಾಗಕ್ಕೆ ಕಿವಿಯ ಹಿಂಭಾಗ ಅಥವಾ ಕೊರಳೆಲುಬಿನ ಮೇಲ್ಭಾಗದ ಪೂರ್ಣ ದಪ್ಪದ ಚರ್ಮ ಲೇಸು. ಅದರ ಬಣ್ಣ ಮುಖಕ್ಕೆ ಹೊಂದುತ್ತದೆ, ಮುದುಡುವುದೂ ಕಡಿಮೆ.

3. ಫ್ಲ್ಯಾಪ್, ಅಂದರೆ ಬುಡ ಬಿಡದ ಚರ್ಮ: ಇದು ಪುಣೆಯ ಕುಶಲಕರ್ಮಿಯ ದಾರಿ. ತೋಟದಲ್ಲಿ ಗೂಟಿ ಕಟ್ಟುವವರು ಬೇರು ಬರುವವರೆಗೆ ಕೊಂಬೆಯನ್ನು ತಾಯಿಮರದಿಂದ ಬೇರ್ಪಡಿಸುವುದಿಲ್ಲ. ಇಲ್ಲಿಯೂ ಹಾಗೆಯೇ. ಪಕ್ಕದ ಚರ್ಮವನ್ನು ಅದರ ರಕ್ತನಾಳದೊಡನೆಯೇ ಸರಿಸಿ ಅಥವಾ ತಿರುಗಿಸಿ ಕೂಡಿಸುತ್ತಾರೆ. ಹಣೆಯ ಫ್ಲ್ಯಾಪಿನಲ್ಲಿ ಸುಮಾರು 3 ವಾರಗಳ ನಂತರ ಬುಡವನ್ನು ಬಿಡಿಸುತ್ತಾರೆ. ಮೂಗಿಗೆ ಆಕಾರ ನಿಲ್ಲಲು ಒಳಗೆ ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿಯನ್ನು ಇಡುತ್ತಾರೆ. ಒಂದು ತುಟಿಯ ನಷ್ಟವನ್ನು ಇನ್ನೊಂದು ತುಟಿಯ ಭಾಗದಿಂದ ತುಂಬುವ ಕ್ರಮವೂ ಉಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗುಂಡೇಟಿನಿಂದ ಮುಖ ಕಳೆದುಕೊಂಡ ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಹ್ಯಾರಲ್ಡ್ ಗಿಲೀಸ್ ಎಂಬ ವೈದ್ಯರು ಚರ್ಮದ ಪಟ್ಟಿಯನ್ನು ಕೊಳವೆಯಂತೆ ಸುತ್ತಿ ಹೊಲಿದು, ಎದೆಯ ಚರ್ಮವನ್ನು ಹಂತಹಂತವಾಗಿ ಮುಖಕ್ಕೆ ತಂದರು.

4. ರಕ್ತನಾಳ ಜೋಡಿಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆ: ದೂರದ ಅಂಗದಿಂದ ಚರ್ಮ, ಸ್ನಾಯು, ಮೂಳೆಗಳನ್ನು ರಕ್ತನಾಳ ಸಮೇತ ಪೂರ್ತಿಯಾಗಿ ಬೇರ್ಪಡಿಸಿ ಮುಖಕ್ಕೆ ತಂದು, 2-3 ಮಿಲಿಮೀಟರ್ ದಪ್ಪದ ನಾಳಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಕೂದಲಿಗಿಂತ ತೆಳ್ಳಗಿನ ದಾರದಿಂದ ಹೊಲಿಯುತ್ತಾರೆ. ಬಾಯಿಯ ಕ್ಯಾನ್ಸರಿಗಾಗಿ ಕೆಳದವಡೆಯನ್ನು ತೆಗೆದವರಿಗೆ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ತೆಳ್ಳನೆಯ ಮೂಳೆಯಿಂದ ಹೊಸ ದವಡೆ ಕಟ್ಟುವುದು ಹೀಗೆಯೇ. ದೇಹದ ಭಾರವನ್ನು ಹೊರುವುದು ಪಕ್ಕದ ದಪ್ಪ ಮೂಳೆಯಾದ್ದರಿಂದ ರೋಗಿ ಮತ್ತೆ ನಡೆಯುತ್ತಾರೆ. ಇದು ಅದ್ಭುತವಾದ ವಿದ್ಯೆ. ಆದರೆ ಗುಟ್ಕಾ, ತಂಬಾಕುಗಳನ್ನು ಬಿಟ್ಟರೆ ಇದರ ಅಗತ್ಯವೇ ಬಹುಮಂದಿಗೆ ಬಾರದು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು ನಿರ್ಣಯಿಸಿದೆ.

5. ಮೂಳೆಗಳ ಜೋಡಣೆ: ಬೈಕಿನಿಂದ ಬಿದ್ದವರಲ್ಲಿ ದವಡೆ, ಕೆನ್ನೆಯ ಮೂಳೆ, ಕಣ್ಣಿನ ಗೂಡು ಮುರಿಯುತ್ತವೆ. ಮುರಿದ ತುಂಡುಗಳನ್ನು ಸ್ವಸ್ಥಾನಕ್ಕೆ ತಂದು ಟೈಟೇನಿಯಂ ಲೋಹದ ಸಣ್ಣ ಪಟ್ಟಿ ಮತ್ತು ತಿರುಪುಗಳಿಂದ ಬಿಗಿಯುತ್ತಾರೆ. ಹೊಲಿಗೆಯ ಗುರುತು ಕಾಣದಂತೆ ಬಹುಪಾಲು ಬಾಯಿಯ ಒಳಗಿನಿಂದಲೇ ಕೊಯ್ಯುತ್ತಾರೆ. ಮೇಲಿನ ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲವೆಂದರೆ, ವಸ್ತುಗಳು ಎರಡೆರಡಾಗಿ ಕಾಣುತ್ತಿವೆಯೆಂದರೆ ಮೂಳೆ ಮುರಿದಿರುವ ಸಂಭವ ಹೆಚ್ಚು. ಬಾವು ಇಳಿಯಲೆಂದು ತಿಂಗಳುಗಟ್ಟಲೆ ಕಾದರೆ ಮೂಳೆ ಸೊಟ್ಟಾಗಿ ಕೂಡಿಕೊಳ್ಳುತ್ತದೆ. ಆಗ ಅದನ್ನು ಮತ್ತೆ ಮುರಿದು ಜೋಡಿಸಬೇಕಾಗುತ್ತದೆ.

6. ಮುದುಡಿದ ಕಲೆಯ ಬಿಡುಗಡೆ: ಸುಟ್ಟಗಾಯ ಮಾಯುವಾಗ ಚರ್ಮ ಎಳೆದುಕೊಳ್ಳುತ್ತದೆ. ಕೆಳರೆಪ್ಪೆ ಹೊರಚಾಚುತ್ತದೆ, ಗದ್ದ ಎದೆಗೆ ಅಂಟುತ್ತದೆ. ಇಂತಹ ಕಲೆಯನ್ನು ಬಿಡಿಸಿ ಕಸಿ ಹಾಕುತ್ತಾರೆ. ಗೆರೆಯಂತಹ ಬಿಗಿತವಾದರೆ ಇಂಗ್ಲಿಷಿನ ಝಡ್ ಅಕ್ಷರದಂತೆ ಕೊಯ್ದು ತ್ರಿಕೋನಗಳನ್ನು ಅದಲುಬದಲು ಮಾಡಿ ಉದ್ದವನ್ನು ಹೆಚ್ಚಿಸುತ್ತಾರೆ. ಕೆಲವೊಮ್ಮೆ ಒಳ್ಳೆಯ ಚರ್ಮದ ಅಡಿಯಲ್ಲಿ ಚೀಲವನ್ನಿಟ್ಟು, ವಾರಗಳ ಕಾಲ ಸ್ವಲ್ಪ ಸ್ವಲ್ಪವೇ ದ್ರವ ತುಂಬಿ ಚರ್ಮವನ್ನು ಬೆಳೆಸಿಕೊಳ್ಳುತ್ತಾರೆ.

ಸೀಳುತುಟಿಯ ಮಕ್ಕಳು

ನನ್ನ ಚಿಕಿತ್ಸಾಲಯಕ್ಕೆ ಒಬ್ಬ ಅಜ್ಜಿ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದರು. “ಗ್ರಹಣದಾಗ ಇದರವ್ವ ಈಳಿಗಿ ಹಿಡಿದಿದ್ಳರಿ, ಅದಕ್ಕ ಹಿಂಗಾತು” ಎಂದು ಸೊಸೆಯ ಕಡೆ ನೋಡಿದರು. ಆ ತಾಯಿ ತಲೆ ಎತ್ತಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಗರ್ಭದಲ್ಲಿ ಮೇಲ್ತುಟಿ ಕೂಡಿಕೊಳ್ಳುವುದು 4ರಿಂದ 7ನೆಯ ವಾರದೊಳಗೆ. ಬಾಯಿಯ ಅಂಗುಳ ಕೂಡುವುದು ಅದರ ನಂತರದ ಕೆಲವೇ ವಾರಗಳಲ್ಲಿ. ಬಸುರಿಯೆಂದು ಗೊತ್ತಾಗಿ, ಊರವರು ಗ್ರಹಣದ ಎಚ್ಚರ ಹೇಳುವ ಹೊತ್ತಿಗೆ ತುಟಿಯ ರಚನೆ ಮುಗಿದೇ ಹೋಗಿರುತ್ತದೆ. ವಂಶವಾಹಿಗಳು, ಪೋಷಕಾಂಶದ ಕೊರತೆ, ಕೆಲವು ಔಷಧಗಳು, ತಂಬಾಕು ಮುಂತಾದ ಹಲವು ಕಾರಣಗಳು ಸೇರಿ ಇದಾಗುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿಯನ್ನು ದೂರುವುದು ಅನ್ಯಾಯ.

ಸೀಳುತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳ ವಯಸ್ಸಿನಲ್ಲಿಯೂ ಸೀಳು ಅಂಗುಳದ್ದನ್ನು 9ರಿಂದ 18 ತಿಂಗಳೊಳಗೂ ಮಾಡುತ್ತಾರೆ. ಅಂಗುಳವನ್ನು ತಡವಾಗಿ ಮುಚ್ಚಿದರೆ ಮಾತು ಮೂಗಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ದೊಡ್ಡದಾಗಲಿ ನೋಡೋಣ ಎನ್ನುವುದು ಮಗುವಿನ ಮಾತನ್ನು ಕಸಿದುಕೊಂಡಂತೆ. ಶಸ್ತ್ರಚಿಕಿತ್ಸೆಯವರೆಗೆ ಮಗುವಿನ ತೂಕ ಏರಬೇಕು. ಹಾಲು ಎಳೆಯಲಾಗದ ಮಗುವನ್ನು ತಲೆ ಎತ್ತರವಾಗುವಂತೆ ಕೂರಿಸಿಕೊಂಡು, ಕರೆದ ಎದೆಹಾಲನ್ನು ಒಳಲೆಯಿಂದ ನಿಧಾನವಾಗಿ ಕುಡಿಸಿ, ನಡುನಡುವೆ ತೇಗಿಸಬೇಕು. ನಂತರ ಮಾತಿನ ತರಬೇತಿ, ಕಿವಿಯ ತಪಾಸಣೆ, ಹಲ್ಲಿನ ಜೋಡಣೆಗಳೂ ಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ದೋಷವೂ ಸೇರಿದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿದೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ಹಲವು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ನಡೆಯುತ್ತದೆ.

ಮೊದಲ ಹೊತ್ತಿನ ಕರ್ತವ್ಯ

ಮುಖ ಎಷ್ಟರಮಟ್ಟಿಗೆ ಮರಳುತ್ತದೆಂಬುದು ಮೊದಲ ಹೊತ್ತಿನ ಆರೈಕೆಯನ್ನೂ ಅವಲಂಬಿಸಿದೆ. ಈ ಮಾತುಗಳನ್ನು ಮನೆಯವರೆಲ್ಲರೂ ನೆನಪಿಡಬೇಕು.

• ಬಾಯಿ ಮೂಗುಗಳಿಂದ ರಕ್ತ ಸುರಿಯುತ್ತಿದ್ದು ಎಚ್ಚರವಿದ್ದರೆ ಮುಂದಕ್ಕೆ ಬಾಗಿಸಿ ಕೂರಿಸಿರಿ. ಎಚ್ಚರವಿಲ್ಲದಿದ್ದರೆ ಕುತ್ತಿಗೆ ತಿರುಚದಂತೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿರಿ. ಅಂಗಾತ ಮಲಗಿಸಿದರೆ ರಕ್ತವು ಉಸಿರಿನ ದಾರಿಗೆ ಇಳಿಯುತ್ತದೆ. ನೀರು, ಚಹಾ ಕುಡಿಸಬಾರದು.

• ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ, ಹೊಗೆಸೊಪ್ಪಿನ ಪುಡಿ ಯಾವುದನ್ನೂ ಮೆತ್ತಬಾರದು.

• ಕತ್ತರಿಸಿ ಬಿದ್ದ ಕಿವಿ ಅಥವಾ ಮೂಗಿನ ತುಂಡನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ತನ್ನಿರಿ. ಮಂಜು ನೇರವಾಗಿ ತಾಗಬಾರದು. ಕಳಚಿದ ಹಲ್ಲನ್ನು ಬೇರು ಮುಟ್ಟದಂತೆ ಹಿಡಿದು ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಒಯ್ಯಿರಿ.

• ಬೆಂಕಿ ತಗುಲಿದರೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿರಿ. ಆಮ್ಲ ಬಿದ್ದರೆ ಅದಕ್ಕೂ ಹೆಚ್ಚು ಹೊತ್ತು, ಕಣ್ಣಿನ ಕಡೆ ವಿಶೇಷ ಗಮನವಿಟ್ಟು ತೊಳೆಯಿರಿ. ಆಮ್ಲದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕೆಂದು ಕಾನೂನಿದೆ.

• ಕೊರಳು ಸುಟ್ಟವರಿಗೆ ತಲೆದಿಂಬು ಕೊಡಬಾರದು. ಹೆಗಲಿನ ಅಡಿಯಲ್ಲಿ ಬಟ್ಟೆಯ ಸುರುಳಿಯಿಟ್ಟು ಕೊರಳು ಚಾಚಿರುವಂತೆ ಮಲಗಿಸಬೇಕು. ಗದ್ದ ಎದೆಗೆ ಅಂಟುವುದನ್ನು ತಡೆಯಲು ಇದು ನೆರವಾಗುತ್ತದೆ.

• ನಾಯಿ ಮುಖಕ್ಕೆ ಕಚ್ಚಿದರೆ 15 ನಿಮಿಷ ಸಾಬೂನು ನೀರಿನಿಂದ ತೊಳೆದು ಅಂದೇ ಆಸ್ಪತ್ರೆಗೆ ಹೋಗಿರಿ. ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ಹುಚ್ಚುನಾಯಿ ರೋಗ ತಲೆದೋರಿದ ಮೇಲೆ ಯಾವ ಪದ್ಧತಿಯಲ್ಲಿಯೂ ಉಳಿಯುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ.

ಆಯುರ್ವೇದದ ಪಾತ್ರ

ಸುಶ್ರುತರ ನಾಡಿನವರಾದ ನಾವು ಲೇಪದಿಂದಲೇ ಮೂಗು ಬರುವುದೆಂದು ನಂಬಿ ಕುಳಿತರೆ ಸುಶ್ರುತರಿಗೇ ಅಪಚಾರ ಮಾಡಿದಂತೆ. ಶಸ್ತ್ರದಿಂದ ಆಗಬೇಕಾದುದಕ್ಕೆ ಅವರು ಶಸ್ತ್ರವನ್ನೇ ಹಿಡಿದರು. ಯಾವ ತೈಲವೂ ಕಳೆದುಹೋದ ಚರ್ಮವನ್ನು ಮರಳಿ ತರದು, ಮುರಿದ ದವಡೆಯನ್ನು ಸ್ವಸ್ಥಾನಕ್ಕೆ ತರದು. ಇಂತಹ ರೋಗಿಯನ್ನು ತಕ್ಕ ಸಮಯದಲ್ಲಿ ಪ್ಲಾಸ್ಟಿಕ್ ಸರ್ಜನರ ಬಳಿಗೆ ಅಥವಾ ಮುಖ-ದವಡೆಯ ಶಸ್ತ್ರವೈದ್ಯರ ಬಳಿಗೆ ಕಳುಹಿಸುವುದೇ ಆಯುರ್ವೇದ ವೈದ್ಯನ ಮೊದಲ ಕರ್ತವ್ಯ.

ನಮ್ಮ ಪದ್ಧತಿಗೆ ಎಡೆಯಿರುವುದು ಅದರ ಹಿಂದೆ ಮುಂದೆ. ಅಗ್ನಿಬಲವನ್ನು ನೋಡಿ ಹಾಲು, ತುಪ್ಪ, ಹೆಸರುಬೇಳೆ, ತೊವ್ವೆ, ಗಂಜಿ, ನೆಲ್ಲಿಕಾಯಿಗಳಿಂದ ಶರೀರವನ್ನು ಬಲಪಡಿಸಬೇಕು. ದವಡೆ ಕಟ್ಟಿಸಿಕೊಂಡವರಿಗೆ ಇವು ನುಂಗಲೂ ಸುಲಭ. ಮಧುಮೇಹವನ್ನು ಹತೋಟಿಗೆ ತರಬೇಕು. ಬೀಡಿ, ಸಿಗರೇಟುಗಳನ್ನು ಪೂರ್ತಿ ಬಿಡಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕೂಡಿಸಿದ ಚರ್ಮ ಕಪ್ಪಾಗಿ ಸಾಯಬಹುದು. ಗಾಯ ಪೂರ್ತಿ ಮಾಯ್ದ ಮೇಲೆ, ಶಸ್ತ್ರವೈದ್ಯರ ಒಪ್ಪಿಗೆ ಪಡೆದು ಕಲೆಯ ಮೇಲೆ ಮೃದುವಾಗಿ ಎಣ್ಣೆ ನೀವಬಹುದು, ಬಿಸಿಲು ತಾಗದಂತೆ ಕಾಪಾಡಬೇಕು. ಹಸಿ ಗಾಯಕ್ಕೆ ಮನೆಮದ್ದು ಸಲ್ಲದು.

ರೋಗಿಗೆ ನಿಜವನ್ನು ಹೇಳುವುದೂ ಚಿಕಿತ್ಸೆಯ ಭಾಗ. ಕಲೆ ಪೂರ್ತಿ ಅಳಿಯುವುದಿಲ್ಲ. ಅದು ಕೆಂಪು ಕಳೆದು ಮೆತ್ತಗಾಗಲು 6 ತಿಂಗಳಿಂದ ಒಂದು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಹಂತಗಳಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಮೊದಲನೆಯ ಹಂತದಲ್ಲಿ ಹಣೆಯಿಂದ ಮೂಗಿಗೆ ಇಳಿದ ಚರ್ಮವನ್ನು ಕಂಡು ಮನೆಯವರು ಎದೆಗುಂದುತ್ತಾರೆ. ಅದು ದಾರಿಯ ನಡುವಿನ ರೂಪ. ಬಾಯಿ ಮುಚ್ಚಿ ಉಣ್ಣುವುದು, ಕಣ್ಣು ಮುಚ್ಚಿ ನಿದ್ರಿಸುವುದು, ತಿಳಿಯುವಂತೆ ಮಾತಾಡುವುದು, ಸಂತೆಯಲ್ಲಿ ಯಾರೂ ಹಿಂದಿರುಗಿ ನೋಡದಂತೆ ನಡೆದುಹೋಗುವುದು ಈ ಚಿಕಿತ್ಸೆಯ ಗುರಿ.

ಸರ್ಕಾರಿ ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೇವೆಯನ್ನು ವಿಚಾರಿಸಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಯಾವ ನೆರವು ದೊರೆಯುವುದೆಂದು 104ಕ್ಕೆ ಕರೆಮಾಡಿ ಕೇಳಬಹುದು. ಹಳೆಯ ಕಲೆಯೆಂದು ಕೈಬಿಡಬೇಕಾಗಿಲ್ಲ. ಕವಾಸ್‌ಜಿಗೆ ಮೂಗು ಬಂದದ್ದು ಒಂದು ವರ್ಷ ಕಳೆದ ಮೇಲೆಯೇ.

ಶರಣರು ಕಾಯವನ್ನು ಪ್ರಸಾದಕಾಯವೆಂದು ಕಂಡರು. ಊನವನ್ನು ಪೂರ್ವಜನ್ಮದ ಕರ್ಮವೆಂದು ಬದಿಗಿಡುವುದು ಆ ದೃಷ್ಟಿಗೆ ಒಪ್ಪುವುದಿಲ್ಲ. ತಮ್ಮ ಓಣಿಯಲ್ಲಿ ಬಾಗಿಲ ಹಿಂದೆ ಉಳಿದಿರುವ ಒಂದು ಮಗುವನ್ನು, ಸೆರಗಿನಲ್ಲಿ ಮುಖ ಮರೆಸಿಕೊಂಡ ಒಬ್ಬ ತಾಯಿಯನ್ನು ಕಂಡು, ಈ ಸಂಗತಿಯನ್ನು ತಿಳಿಸಿ, ಆಸ್ಪತ್ರೆಯವರೆಗೆ ಜೊತೆಯಲ್ಲಿ ಹೋಗಿ ಬಂದರೆ ಅದೂ ಜಂಗಮಸೇವೆಯೇ. ಚಿಕಿತ್ಸೆ ಮುಗಿಯುವವರೆಗೂ, ಮುಗಿದ ಮೇಲೂ ಅವರನ್ನು ದಾಸೋಹದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕೂರಿಸಿಕೊಳ್ಳೋಣ.